ಆರ್‌ನಲ್ಲಿ ಕಾಲಂ ಬದಲಿಸಿದ ಕೂಡಲೇ ಲೇಬಲ್ ಮಾಯ. ಹಳೆ ಕಾಲಂನಿಂದ ಕಾಪಿ ಮಾಡೋದು ಹೇಗೆ?

ರಾಗಿಮುದ್ದೆ_ಡೇಟಾ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಕೆಲಸಕ್ಕೆ ಎನ್‌ಎಫ್‌ಎಚ್‌ಎಸ್-5ರ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019–21) ಮಹಿಳೆಯರ ಫೈಲ್ ಇಟ್ಟುಕೊಂಡು ಕೂತಿದ್ದೇನೆ. ಅದು ಸ್ಟೇಟಾ ಅನ್ನೋ ಅಂಕಿಅಂಶ ಸಾಫ್ಟ್‌ವೇರ್‌ನ ಫೈಲ್. ಸ್ಟೇಟಾ ಲೈಸೆನ್ಸ್ ನನ್ನ ಹತ್ತಿರ ಇಲ್ಲ, ಹಾಗಾಗಿ ಆರ್‌ನಲ್ಲಿ (ಅಂಕಿಅಂಶ ಕೆಲಸದ ಪ್ರೋಗ್ರಾಮಿಂಗ್ ಭಾಷೆ) ಹೇವನ್ ಪ್ಯಾಕೇಜ್ ಬಳಸಿ ಓದುತ್ತಿದ್ದೇನೆ. ಇಡೀ ದೇಶದ 7,24,115 ಮಹಿಳೆಯರ ಸಾಲುಗಳಿವೆ. ನನಗೆ ಬೇಕಾಗಿರೋದು ಕರ್ನಾಟಕ ಮಾತ್ರ, ಅಂದರೆ ವಿ024ರಲ್ಲಿ 29 ಇರುವ ಸಾಲುಗಳು.

ಕಾಲಂ ಹೆಸರುಗಳು ವಿ012, ವಿ106, ವಿ190 ಅಂತ ಇರುತ್ತವಲ್ಲ, ಯಾವುದು ಏನು ಅಂತ ಗೊತ್ತಾಗೋದೇ ಲೇಬಲ್‌ನಿಂದ. ಫೈಲ್ ಓದಿದಾಗ ಎಲ್ಲಾ ಲೇಬಲ್ ಸರಿಯಾಗಿ ಬರುತ್ತವೆ. ಕರ್ನಾಟಕದ ಸಾಲುಗಳನ್ನು ಆರಿಸಿದ ಮೇಲೆ ನೋಡಿದರೆ ಕೆಲವು ಕಾಲಂಗಳಲ್ಲಿ ಇವೆ, ಕೆಲವುಗಳಲ್ಲಿ ಇಲ್ಲ! ವಿ106ರ (ಶಿಕ್ಷಣ) ಲೇಬಲ್ ಉಳಿದಿದೆ, ವಿ012ರ (ವಯಸ್ಸು) ಲೇಬಲ್ ಹೋಗಿದೆ. ಯಾಕೆ ಹೀಗೆ?

ಆಮೇಲೆ ಶಿಕ್ಷಣವನ್ನು ಮೂರು ಗುಂಪು ಮಾಡಿದೆ. ಅದರಲ್ಲಂತೂ ಏನೂ ಉಳಿಯಲಿಲ್ಲ. ಬರೀ 1, 2, 3.

ನನ್ನ ಕೋಡ್ ಇದು (ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಫಂಕ್ಷನ್ ಹೆಸರು ಓದಿದರೆ ಯಾವುದು ಅಂತ ಗೊತ್ತಾಗುತ್ತೆ):

ಡಿಎಫ್ <- ರೀಡ್_ಡಿಟಿಎ("ಮಹಿಳೆಯರು.ಡಿಟಿಎ")
ಡಿಎಫ್ <- ಆಸ್.ಡೇಟಾ.ಫ್ರೇಮ್(ಡಿಎಫ್)
ಕರ್ <- ಡಿಎಫ್[ಡಿಎಫ್$ವಿ024 == 29, ]
ಕರ್$ಶಿಕ್ಷಣ3 <- ಇಫೆಲ್ಸ್(ಕರ್$ವಿ106 <= 1, 1, ಇಫೆಲ್ಸ್(ಕರ್$ವಿ106 == 2, 2, 3))

ಹಳೆ ಕಾಲಂನಲ್ಲಿ ಇರೋದನ್ನೆಲ್ಲಾ ಹೊಸ ಕಾಲಂಗೆ ಹಾಗೇ ಎತ್ತಿ ಹಾಕೋದು ಹೇಗೆ? ಗೈಡ್‌ಗೆ ಈ ವಾರ ಟೇಬಲ್ ತೋರಿಸಬೇಕು. ಅವರು "ಈ 1, 2, 3 ಏನಮ್ಮಾ?" ಅಂತ ಪ್ರತಿ ಸಲ ಕೇಳುತ್ತಾರೆ.

---

ಸಿಲ್ಕ್‌ಬೋರ್ಡ್_ಜಾಮ್

ಒಂದೇ ಸಾಲಿನ ಕೆಲಸ:

ಆಟ್ರಿಬ್ಯೂಟ್ಸ್(ಕರ್$ಶಿಕ್ಷಣ3) <- ಆಟ್ರಿಬ್ಯೂಟ್ಸ್(ಡಿಎಫ್$ವಿ106)

ಆಯ್ತು. ಲೇಬಲ್, ಕ್ಲಾಸ್, ಎಲ್ಲಾ ಬರುತ್ತೆ.

---

ಹಳೇ_ಸರ್ವೆಯವಳು

ಸಿಲ್ಕ್‌ಬೋರ್ಡ್ ಅವರೇ, ಸಾಲು ಓಡುತ್ತೆ ನಿಜ. ಎರರ್ ಕೂಡ ಬರಲ್ಲ. ನನ್ನ ತಕರಾರು ಇರೋದೇ ಅಲ್ಲಿ. ರಾಗಿಮುದ್ದೆ ಅವರೇ, ಇದನ್ನು ಓಡಿಸುವ ಮುಂಚೆ ಒಂದು ನಿಮಿಷ ನಿಲ್ಲಿ.

ವಿ106ರಲ್ಲಿ ಇರುವ ಕೋಡ್‌ಗಳು ಇವು: 0 ಅಂದರೆ ಶಾಲೆ ಕಲಿತಿಲ್ಲ, 1 ಪ್ರೈಮರಿ, 2 ಸೆಕೆಂಡರಿ, 3 ಅದಕ್ಕಿಂತ ಮೇಲೆ. ನೀವು 0 ಮತ್ತು 1ನ್ನು ಸೇರಿಸಿ 1 ಮಾಡಿದ್ದೀರಿ. 2 ಮತ್ತು 3 ಹಾಗೇ ಇವೆ. ಈಗ ಹಳೆ ಕಾಲಂನ ಆಟ್ರಿಬ್ಯೂಟ್‌ಗಳನ್ನೆಲ್ಲ (ಕಾಲಂಗೆ ಅಂಟಿಕೊಂಡಿರುವ ಲೇಬಲ್, ಕ್ಲಾಸ್ ತರಹದ ಮಾಹಿತಿ) ಹೊಸದಕ್ಕೆ ಅಂಟಿಸಿದರೆ, ಅದರ ಜೊತೆ ಹಳೆ ಕೋಡ್‌ಪಟ್ಟಿಯೂ (ಯಾವ ನಂಬರ್ ಅಂದರೆ ಏನು ಅನ್ನೋ ಪಟ್ಟಿ) ಬರುತ್ತೆ. ಆಗ 1 ಅಂದರೆ "ಪ್ರೈಮರಿ" ಅಂತಲೇ ಟೇಬಲ್‌ನಲ್ಲಿ ಕಾಣುತ್ತೆ. ಶಾಲೆ ಮೆಟ್ಟಿಲು ಹತ್ತದ ಹೆಂಗಸರೆಲ್ಲ ಪ್ರೈಮರಿ ಓದಿದವರ ಲೆಕ್ಕಕ್ಕೆ ಹೋದರು. ಕರ್ನಾಟಕದಲ್ಲಿ ಓದಲು ಹೋಗದ ಮಹಿಳೆ ಒಬ್ಬಳೂ ಇಲ್ಲ ಅಂತ ನಿಮ್ಮ ಪ್ರಬಂಧ ಹೇಳುತ್ತೆ! ಒಟ್ಟು ಮೊತ್ತ ಸರಿ ಇರುತ್ತೆ, ಶೇಕಡಾ ಕೂಡಿಸಿದರೆ 100 ಆಗುತ್ತೆ, ಯಾರಿಗೂ ಅನುಮಾನ ಬರಲ್ಲ.

ಇನ್ನೂ ಕೆಟ್ಟ ಉದಾಹರಣೆ ಬೇಕಾ? ವಿ190 ನೋಡಿ, ಆಸ್ತಿ ಸೂಚ್ಯಂಕ. 1 ಅಂದರೆ ತೀರಾ ಬಡವರು, 5 ಅಂದರೆ ತೀರಾ ಶ್ರೀಮಂತರು. ಕೆಲವರಿಗೆ ಬಡತನ ಜಾಸ್ತಿ ಆದಂತೆ ನಂಬರ್ ಜಾಸ್ತಿ ಆಗಬೇಕು ಅಂತ ಆಸೆ. 6ರಿಂದ ಕಳೆದು ತಿರುಗಿಸುತ್ತಾರೆ. ಆಮೇಲೆ ಇದೇ ಒಂದು ಸಾಲು ಹಾಕಿ ಲೇಬಲ್ ಕಾಪಿ ಮಾಡುತ್ತಾರೆ. ಮುಗೀತು. ಬಡವರೆಲ್ಲ ಶ್ರೀಮಂತರು, ಶ್ರೀಮಂತರೆಲ್ಲ ಬಡವರು. ಬಾಡಿಗೆದಾರರು ಬದಲಾದ ಮೇಲೂ ಬಾಗಿಲ ಮೇಲೆ ಹಳಬರ ಹೆಸರಿನ ಬೋರ್ಡ್ ಇದ್ದ ಹಾಗೆ, ಪೋಸ್ಟ್‌ಮ್ಯಾನ್ ಕಾಗದ ಹಾಕಿ ಹೋಗುತ್ತಲೇ ಇರುತ್ತಾನೆ.

ನನ್ನ ಹೊಟ್ಟೆಪಾಡೇ ಬೇರೆಯವರ ಸರ್ವೆ ಫೈಲ್ ಸರಿ ಮಾಡಿಕೊಡೋದು. ಮೈಸೂರಲ್ಲಿ ಮನೆಯಲ್ಲೇ ಕೂತು ಮಾಡುತ್ತೇನೆ. ಲೇಬಲ್ ಇಲ್ಲದ ಫೈಲ್ ಬಂದರೆ ನನಗೆ ಭಯ ಇಲ್ಲ, ಕೋಡ್‌ಬುಕ್ ತೆಗೆದು ನೋಡುತ್ತೇನೆ. ಲೇಬಲ್ ನೀಟಾಗಿ ಇರುವ ಫೈಲ್ ಬಂದರೆ ಭಯ. ಅದನ್ನು ಎಲ್ಲರೂ ನಂಬಿಬಿಡುತ್ತಾರೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರ್ತೀನಿ. ವಿ012 ಲೇಬಲ್ ಹೋಯಿತು, ವಿ106 ಲೇಬಲ್ ಉಳಿಯಿತು, ಯಾಕೆ?

ನಿಮ್ಮ ಎರಡನೇ ಸಾಲು ನೋಡಿ, ಆಸ್.ಡೇಟಾ.ಫ್ರೇಮ್. ಅದು ಬೇಕಿರಲಿಲ್ಲ. ಹೇವನ್ ಓದಿ ಕೊಡೋದು ಟಿಬಲ್, ಅಂದರೆ ಡೇಟಾ ಫ್ರೇಮ್‌ನ ಹೊಸ ಬಗೆ. ಟಿಬಲ್‌ನಲ್ಲಿ ಸಾಲು ಆರಿಸಿದರೆ ಕಾಲಂಗಳ ಆಟ್ರಿಬ್ಯೂಟ್ ಉಳಿಯುತ್ತವೆ. ಡಿಪ್ಲೈಆರ್ ಪ್ಯಾಕೇಜ್‌ನ ಫಿಲ್ಟರ್ ಬಳಸಿದರೂ ಉಳಿಯುತ್ತವೆ. ಅದನ್ನೇ ಹಳೆ ಕಾಲದ ಡೇಟಾ ಫ್ರೇಮ್ ಮಾಡಿ ಚೌಕ ಬ್ರಾಕೆಟ್‌ನಲ್ಲಿ ಸಾಲು ಆರಿಸಿದರೆ, ಆರ್ ಪ್ರತಿ ಕಾಲಂ ಅನ್ನೂ ತನ್ನ ಮೂಲ ನಿಯಮದ ಪ್ರಕಾರ ಕತ್ತರಿಸುತ್ತೆ. ಆ ನಿಯಮ ಏನಪ್ಪಾ ಅಂದರೆ, ಸಾಮಾನ್ಯ ವೆಕ್ಟರ್‌ನ (ನಂಬರ್‌ಗಳ ಒಂದು ಸರಣಿ) ಒಂದು ಭಾಗ ಆರಿಸಿ ತೆಗೆದುಕೊಂಡರೆ ಹೆಸರುಗಳು (ನೇಮ್ಸ್) ಉಳಿಯುತ್ತವೆ, ಮ್ಯಾಟ್ರಿಕ್ಸ್ ಆಗಿದ್ದರೆ ಅಳತೆ ಮತ್ತು ಅದರ ಹೆಸರುಗಳೂ ಉಳಿಯಬಹುದು. ಮಿಕ್ಕ ಆಟ್ರಿಬ್ಯೂಟ್‌ಗಳು ಬಿದ್ದುಹೋಗುತ್ತವೆ.

ವಿ012 ಸುಮ್ನೆ ನಂಬರ್ ಕಾಲಂ. ಅದಕ್ಕೆ ಕೋಡ್‌ಪಟ್ಟಿ ಇಲ್ಲ, ಒಂದು ಲೇಬಲ್ ಮಾತ್ರ ಅಂಟಿಕೊಂಡಿದೆ. ಬಿತ್ತು. ವಿ106ಕ್ಕೆ ಕೋಡ್‌ಪಟ್ಟಿ ಇದೆ. ಅದಕ್ಕೇ ಹೇವನ್ ಅದಕ್ಕೆ ಹೇವನ್_ಲೇಬಲ್ಡ್ ಅನ್ನುವ ಕ್ಲಾಸ್ (ಕಾಲಂ ಯಾವ ಬಗೆಯದು ಅನ್ನೋ ಗುರುತು) ಕೊಟ್ಟಿರುತ್ತೆ. ಆ ಕ್ಲಾಸ್‌ಗೆ ತನ್ನದೇ ಕತ್ತರಿಸುವ ವಿಧಾನ ಇದೆ, ಅದು ಲೇಬಲ್ ಕಾಪಾಡುತ್ತೆ. ಉಳಿಯಿತು. ಫ್ಯಾಕ್ಟರ್‌ಗಳು (ಗುಂಪುಗಳನ್ನು ಇಡುವ ಕಾಲಂಗಳು) ಲೆವೆಲ್ಸ್ (ಆ ಗುಂಪುಗಳ ಪಟ್ಟಿ) ಕಳೆದುಕೊಳ್ಳದೆ ಇರೋದೂ ಇದೇ ಕಾರಣಕ್ಕೆ.

ಹಾಗಾಗಿ ಆ ಎರಡನೇ ಸಾಲು ತೆಗೆದುಹಾಕಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ. ಹಾಗೇ ಇಡೀ ಫೈಲ್ ಓದಬೇಡಿ. ರೀಡ್_ಡಿಟಿಎ ಒಳಗೆ ಕಾಲ್_ಸೆಲೆಕ್ಟ್ ಅಂತ ಇದೆ, ಬೇಕಾದ ಕಾಲಂ ಮಾತ್ರ ಹೇಳಿ. ಲ್ಯಾಪ್‌ಟಾಪ್ ಬದುಕಲಿ.

ಇಫೆಲ್ಸ್ ವಿಷಯ ಬೇರೆ. ಅದು ಉತ್ತರದ ಆಕಾರವನ್ನು ತೆಗೆದುಕೊಳ್ಳೋದು ನೀವು ಕೊಟ್ಟ ಷರತ್ತಿನಿಂದ. ಹೌದು ಅಂದಾಗ ಏನು, ಇಲ್ಲ ಅಂದಾಗ ಏನು ಅಂತ ಕೊಟ್ಟಿರುತ್ತೀರಲ್ಲ, ಅವುಗಳ ಆಟ್ರಿಬ್ಯೂಟ್ ಅದಕ್ಕೆ ಲೆಕ್ಕಕ್ಕಿಲ್ಲ. ನಿಮ್ಮ ಷರತ್ತು "ವಿ106 <= 1" ಬರೀ ಟ್ರೂ, ಫಾಲ್ಸ್. ಅದರಲ್ಲಿ ಲೇಬಲ್ ಎಲ್ಲಿಂದ ಬರಬೇಕು? ದಿನಾಂಕದ ಕಾಲಂ ಅನ್ನು ಇಫೆಲ್ಸ್ ಒಳಗೆ ಹಾಕಿ 18 ಸಾವಿರ ಚಿಲ್ಲರೆ ನಂಬರ್ ನೋಡಿ ಗಾಬರಿ ಆಗೋರು ಎಲ್ಲರೂ ಬೀಳೋದು ಇದೇ ಗುಂಡಿಗೆ. ದಿನಾಂಕ ಅನ್ನೋದು ಒಳಗೆ 1970ರ ಜನವರಿ 1ರಿಂದ ಎಣಿಸಿದ ದಿನಗಳು, ಅದರ ಮೇಲೆ ಒಂದು ಕ್ಲಾಸ್ ಆಟ್ರಿಬ್ಯೂಟ್. ಕ್ಲಾಸ್ ಬಿದ್ದರೆ ನಂಬರ್ ಉಳಿಯುತ್ತೆ.

ಆದರೆ ನಿಮ್ಮ ಶಿಕ್ಷಣ3ರ ವಿಷಯದಲ್ಲಿ ಇಫೆಲ್ಸ್ ಲೇಬಲ್ ಬಿಸಾಕಿದ್ದು ಒಳ್ಳೆಯದೇ ಆಯಿತು. ಹೊಸ ಕೋಡ್‌ಗೆ ಹೊಸ ಪಟ್ಟಿ ನೀವೇ ಬರೆಯಬೇಕು. ಕಾಪಿ ಅಲ್ಲ:

ಕರ್$ಶಿಕ್ಷಣ3 <- ಲೇಬಲ್ಡ್(ಕರ್$ಶಿಕ್ಷಣ3,
  ಲೇಬಲ್ಸ್ = ಸಿ("ಪ್ರೈಮರಿ ಅಥವಾ ಕಡಿಮೆ" = 1, "ಸೆಕೆಂಡರಿ" = 2, "ಕಾಲೇಜು, ಮೇಲೆ" = 3),
  ಲೇಬಲ್ = "ಮಹಿಳೆಯ ಶಿಕ್ಷಣ, 3 ಗುಂಪು")

ಈ ಲೇಬಲ್ಡ್ ಫಂಕ್ಷನ್ ಹೇವನ್ ಪ್ಯಾಕೇಜ್‌ನಲ್ಲೇ ಇದೆ. ಬರೆದ ತಕ್ಷಣ ಹಳೆಯದನ್ನೂ ಹೊಸದನ್ನೂ ಎದುರುಬದುರು ಇಟ್ಟು ಟೇಬಲ್ ಹಾಕಿ:

ಟೇಬಲ್(ಆಸ್_ಫ್ಯಾಕ್ಟರ್(ಕರ್$ವಿ106), ಆಸ್_ಫ್ಯಾಕ್ಟರ್(ಕರ್$ಶಿಕ್ಷಣ3))

ಇದನ್ನು ಹಾಕದೆ ಯಾರಿಗೂ ಫೈಲ್ ಕಳಿಸಬೇಡಿ.

---

ಸಿಲ್ಕ್‌ಬೋರ್ಡ್_ಜಾಮ್

ಒಪ್ಪಿದೆ ಮೇಡಂ. ಆದರೆ ಕೋಡ್ ಬದಲಾಗದೇ ಇದ್ದಾಗ ಕಾಪಿ ಮಾಡಬಹುದಲ್ವಾ? ಉದಾಹರಣೆಗೆ ತಪ್ಪು ಬೆಲೆಗಳನ್ನು (ವ್ಯಾಲ್ಯೂ) ತೆಗೆದು ಎನ್‌ಎ, ಅಂದರೆ ಮಾಹಿತಿ ಇಲ್ಲ ಅಂತ ಮಾಡೋದು.

---

ಹಳೇ_ಸರ್ವೆಯವಳು

ಮಾಡಬಹುದು. ಇನ್ನೂ ಸುಲಭ ಅಂದರೆ ಕಾಪಿ ಮಾಡುವ ಪರಿಸ್ಥಿತಿಯೇ ಬರದ ಹಾಗೆ ಬರೆಯೋದು.

ವಿ445 ತಗೊಳ್ಳಿ, ಬಿಎಂಐ. ಇದರಲ್ಲಿ ದಶಮಾಂಶ ಬಿಟ್ಟು ಬರೆದಿರುತ್ತಾರೆ, 2134 ಅಂದರೆ 21.34. ಅನುಮಾನದ ಕೇಸ್‌ಗಳಿಗೆ 9998 ಅಂತ ಕೋಡ್. ಅದನ್ನು ತೆಗೆಯದೆ ಸರಾಸರಿ ಹಾಕಿದರೆ ಬಿಎಂಐ 99.98 ಇರುವ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ. ಇಲ್ಲಿ ಇಫೆಲ್ಸ್ ಬೇಡ. ನೇರವಾಗಿ ಆ ಜಾಗಕ್ಕೆ ಮಾತ್ರ ಬರೆಯಿರಿ:

ಕರ್$ವಿ445[ವಿಚ್(ಕರ್$ವಿ445 == 9998)] <- ಎನ್‌ಎ

ಹೀಗೆ ಒಳಗಿನ ಕೆಲವು ಬೆಲೆ ಬದಲಿಸಿದರೆ ಆಟ್ರಿಬ್ಯೂಟ್‌ಗಳು ಅಲುಗಾಡಲ್ಲ. ಇಡೀ ಕಾಲಂನ ಬೆಲೆ ಬದಲಿಸಿ ಹೊದಿಕೆ ಮಾತ್ರ ಉಳಿಸಬೇಕು ಅಂದರೆ ಖಾಲಿ ಬ್ರಾಕೆಟ್ ಹಾಕಿ:

ಹೊಸ <- ಹಳೆ
ಹೊಸ[] <- ಹೊಸ_ಬೆಲೆಗಳು

ಆ ಖಾಲಿ ಬ್ರಾಕೆಟ್ ಇಲ್ಲದಿದ್ದರೆ ಹೊಸ ಅನ್ನೋ ಹೆಸರಿಗೆ ಬೇರೆಯದೇ ವೆಕ್ಟರ್ ಬಂದು ಕೂರುತ್ತೆ, ಲೇಬಲ್ ಹೋಗುತ್ತೆ. ಬ್ರಾಕೆಟ್ ಇದ್ದರೆ ಒಳಗಿರೋದು ಮಾತ್ರ ಬದಲಾಗುತ್ತೆ. ಆರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಎರಡು ಅಕ್ಷರ ಅದು.

ಇನ್ನೊಂದು ಹೇಳಿಬಿಡ್ತೀನಿ. ಆರ್ ಕೆಲವು ಕಡೆ ನೀವು ಕೇಳದೇನೇ ಆಟ್ರಿಬ್ಯೂಟ್ ಕಾಪಿ ಮಾಡುತ್ತೆ. ಇದಂತೂ ಯಾರ ಕಣ್ಣಿಗೂ ಬೀಳಲ್ಲ. ವಿ005 ಸ್ಯಾಂಪಲ್ ತೂಕ. ಅದರ ಲೇಬಲ್‌ನಲ್ಲೇ "6 ದಶಮಾಂಶ" ಅಂತ ಇಂಗ್ಲಿಷ್‌ನಲ್ಲಿ ಬರೆದಿರುತ್ತೆ, ಯಾಕೆಂದರೆ ಅದನ್ನು 10,00,000ದಿಂದ ಭಾಗಿಸಿ ಬಳಸಬೇಕು. ಎಲ್ಲರೂ ಮಾಡೋದು ಇದೇ:

ಕರ್$ತೂಕ <- ಕರ್$ವಿ005 / 1000000

ಕೂಡು, ಕಳೆ, ಗುಣಿಸು, ಭಾಗಿಸು ಮಾಡುವಾಗ ಆರ್ ಸಾಮಾನ್ಯ ನಂಬರ್ ಕಾಲಂನ ಆಟ್ರಿಬ್ಯೂಟ್‌ಗಳನ್ನು ಉತ್ತರಕ್ಕೂ ಸಾಗಿಸುತ್ತೆ. ಎರಡೂ ಕಡೆ ಒಂದೇ ಉದ್ದದ ಕಾಲಂ ಇದ್ದರೆ ಎರಡರದ್ದೂ ಬರುತ್ತೆ, ಒಂದೇ ಹೆಸರಿನದು ಎರಡರಲ್ಲೂ ಇದ್ದರೆ ಮೊದಲನೆಯದು ಗೆಲ್ಲುತ್ತೆ. ಹಾಗಾಗಿ ತೂಕ ಅನ್ನುವ ಹೊಸ ಕಾಲಂ ಮೇಲೂ "6 ದಶಮಾಂಶ" ಅಂತ ಲೇಬಲ್ ಕೂತಿರುತ್ತೆ. ನಿಮ್ಮ ಫೈಲ್ ತೆಗೆದುಕೊಂಡ ಮುಂದಿನ ಪುಣ್ಯಾತ್ಮ ಲೇಬಲ್ ಓದಿ ಇನ್ನೊಂದು ಸಲ ಭಾಗಿಸುತ್ತಾನೆ. ಶೇಕಡಾವಾರು ಲೆಕ್ಕದಲ್ಲಿ ಅದು ಗೊತ್ತೇ ಆಗಲ್ಲ. ಒಟ್ಟು ಎಣಿಕೆ ಹಾಕಿದಾಗ ಗೊತ್ತಾಗುತ್ತೆ.

ಲೆಕ್ಕ ಮಾಡಿ ಹುಟ್ಟಿಸಿದ ಪ್ರತಿ ಕಾಲಂಗೂ ಕೂಡಲೇ ಹೊಸ ಲೇಬಲ್ ಕೊಡಿ:

ಆಟ್ರ್(ಕರ್$ತೂಕ, "ಲೇಬಲ್") <- "ಸ್ಯಾಂಪಲ್ ತೂಕ, ಈಗಾಗಲೇ 10 ಲಕ್ಷದಿಂದ ಭಾಗಿಸಿದೆ"

ಲೇಬಲ್ ತೆಗೆಯಬೇಕು ಅಂದರೆ ಬಲಗಡೆ ನಲ್ (ಏನೂ ಇಲ್ಲ ಅಂತ ಅರ್ಥ) ಬರೆಯಿರಿ, ಆಯ್ತು.

---

ರಾಗಿಮುದ್ದೆ_ಡೇಟಾ

ತುಂಬಾ ಥ್ಯಾಂಕ್ಸ್ ಮೇಡಂ. ಆಸ್.ಡೇಟಾ.ಫ್ರೇಮ್ ತೆಗೆದ ಮೇಲೆ ವಿ012 ಲೇಬಲ್ ಉಳಿಯಿತು. ಶಿಕ್ಷಣ3 ಎದುರುಬದುರು ಟೇಬಲ್ ಸರಿ ಬಂತು.

ಆದರೆ ಎರಡು ತಲೆನೋವು ಇದೆ. ನಾನು ಮುಂಚೆ ಹಳೇ ಕೋಡ್‌ನಲ್ಲಿ ಮಾಡಿಟ್ಟ ಒಂದು ಫೈಲ್ ಇದೆ, ಅದರಲ್ಲಿ ಲೇಬಲ್‌ಗಳು ಇಲ್ಲ. ಪುನಃ ಎಲ್ಲಾ ಮಾಡೋಕೆ ಸಮಯ ಇಲ್ಲ. ಮೂಲ ಫೈಲ್‌ನಿಂದ ಎಲ್ಲಾ ಕಾಲಂಗಳ ಲೇಬಲ್ ಒಟ್ಟಿಗೆ ತರಬಹುದಾ? ಪ್ರಯತ್ನ ಮಾಡಿ ಒಂದು ಫಂಕ್ಷನ್ ಬರೆದೆ, ಓಡುತ್ತೆ, ಆದರೆ ಆಮೇಲೆ ನೋಡಿದರೆ ಏನೂ ಬದಲಾಗಿರಲ್ಲ.

ಇನ್ನೊಂದು. ಒಂದು ಕಾಲಂನಲ್ಲಿ ಆಟ್ರ್(x, "ಲೇಬಲ್") ಅಂತ ಕೇಳಿದರೆ ಒಂದು ವಾಕ್ಯ ಬರೋ ಬದಲು ಕೋಡ್‌ಪಟ್ಟಿ ಪೂರ್ತಿ ಬರುತ್ತಿದೆ! ಆ ಕಾಲಂ ನಾನೇ ಮಾಡಿದ್ದು. ಆರ್‌ಗೆ ತಲೆ ಕೆಟ್ಟಿದೆಯಾ?

---

ಹಳೇ_ಸರ್ವೆಯವಳು

ಎರಡನೆಯದು ಮೊದಲು ಹೇಳ್ತೀನಿ, ಅದು ಮಜವಾಗಿದೆ.

ಆ ಕಾಲಂ ಮಾಡುವಾಗ ಲೇಬಲ್ಸ್ (ಕೋಡ್‌ಪಟ್ಟಿ) ಕೊಟ್ಟಿರುತ್ತೀರಿ, ಲೇಬಲ್ (ವಿವರಣೆ) ಕೊಟ್ಟಿರಲ್ಲ. ಅಲ್ವಾ? ಆಟ್ರ್ ಫಂಕ್ಷನ್‌ಗೆ ಒಂದು ಚಾಳಿ ಇದೆ. ಕೇಳಿದ ಹೆಸರು ಪೂರ್ತಿ ಸಿಗದಿದ್ದರೆ, ಅದೇ ಅಕ್ಷರಗಳಿಂದ ಶುರುವಾಗುವ ಬೇರೆ ಹೆಸರು ಒಂದೇ ಒಂದು ಇದ್ದರೆ, ಅದನ್ನೇ ಕೊಟ್ಟುಬಿಡುತ್ತೆ. ಲೇಬಲ್ ಇಲ್ಲ, ಲೇಬಲ್ಸ್ ಇದೆ, ತಗೋ ಅಂತು. ಎರಡೂ ಇದ್ದಾಗ ಪೂರ್ತಿ ಹೊಂದುವುದನ್ನೇ ಕೊಡುತ್ತೆ, ಅದಕ್ಕೇ ವಿ106ರಲ್ಲಿ ತೊಂದರೆ ಕಾಣಲ್ಲ. ಪ್ರತಿ ಸಲ ಹೀಗೆ ಕೇಳಿ:

ಆಟ್ರ್(x, "ಲೇಬಲ್", ಎಗ್ಸಾಕ್ಟ್ = ಟ್ರೂ)

ಕಾಪಿ ಮಾಡುವ ಲೂಪ್ ಒಳಗೆ ಇದು ಇಲ್ಲದಿದ್ದರೆ ಕೋಡ್‌ಪಟ್ಟಿಯೇ ಇನ್ನೊಂದು ಕಾಲಂನ ವಿವರಣೆ ಆಗಿ ಕೂರುತ್ತೆ. ಯಾಕೆ ಇದನ್ನು ಡೀಫಾಲ್ಟ್ ಮಾಡಿಲ್ಲವೋ, ಮಾಡಿದವರಿಗೇ ಗೊತ್ತು.

ಇನ್ನು ನಿಮ್ಮ ಫಂಕ್ಷನ್. ಆರ್‌ನಲ್ಲಿ ಫಂಕ್ಷನ್ ಒಳಗೆ ಡೇಟಾಗೆ ಏನೇ ಮಾಡಿದರೂ ಅದು ಒಳಗಿನ ಪ್ರತಿಗೆ ಮಾತ್ರ. ಹೊರಗಿನ ಡೇಟಾ ಹಾಗೇ ಇರುತ್ತೆ. ಬದಲಾದ ಡೇಟಾವನ್ನು ಫಂಕ್ಷನ್ ವಾಪಸ್ ಕೊಡಬೇಕು, ನೀವು ಹೊರಗೆ ಅದನ್ನು ಹಿಡಿದುಕೊಳ್ಳಬೇಕು. ನಿಮ್ಮ ಫಂಕ್ಷನ್‌ನ ಕೊನೆ ಸಾಲು ಲೂಪ್ ಆಗಿರಬೇಕು, ಅದು ಕೊಡೋದು ನಲ್. ಹೀಗೆ ಬರೆಯಿರಿ:

ಲೇಬಲ್_ತಾ <- ಫಂಕ್ಷನ್(ಹೊಸ, ಹಳೆ) {
  ಫಾರ್ (ಕಾ ಇನ್ ಇಂಟರ್‌ಸೆಕ್ಟ್(ನೇಮ್ಸ್(ಹೊಸ), ನೇಮ್ಸ್(ಹಳೆ))) {
    ಆಟ್ರ್(ಹೊಸ[[ಕಾ]], "ಲೇಬಲ್") <- ಆಟ್ರ್(ಹಳೆ[[ಕಾ]], "ಲೇಬಲ್", ಎಗ್ಸಾಕ್ಟ್ = ಟ್ರೂ)
  }
  ಹೊಸ
}
ಕರ್ <- ಲೇಬಲ್_ತಾ(ಕರ್, ಡಿಎಫ್)

ಕೊನೆಯಲ್ಲಿ ಒಂಟಿಯಾಗಿ ನಿಂತಿರುವ "ಹೊಸ" ಮರೆಯಬೇಡಿ.

ನೋಡಿ, ಇದು ವಿವರಣೆಯ ಲೇಬಲ್ ಮಾತ್ರ ತರುತ್ತೆ, ಕೋಡ್‌ಪಟ್ಟಿ ತರಲ್ಲ. ಬೇಕೆಂತಲೇ ಹಾಗೆ ಬರೆದಿದ್ದೇನೆ. ನಿಮ್ಮ ಹಳೇ ಕೋಡ್‌ನಲ್ಲಿ ಯಾವ ಕಾಲಂನ ಬೆಲೆಗಳನ್ನು ಅದೇ ಹೆಸರಿನಲ್ಲೇ ತಿದ್ದಿದ್ದೀರೋ ನನಗೆ ಗೊತ್ತಿಲ್ಲ. ಕೋಡ್‌ಪಟ್ಟಿ ಬೇಕಾದ ಕಾಲಂಗಳನ್ನು ಒಂದೊಂದೇ ನೋಡಿ, ಟೇಬಲ್ ಹಾಕಿ, ಆಮೇಲೆ ತನ್ನಿ. ಬೇಜಾರಿನ ಕೆಲಸ. ಮಾಡಿ.

---

ಅಘನಾಶಿನಿ_ತೀರ

ಇದಕ್ಕೆಲ್ಲ ಲೇಬಲ್ಡ್ ಅಂತಲೇ ಒಂದು ಪ್ಯಾಕೇಜ್ ಇದೆ, ಹೇವನ್‌ನ ಫಂಕ್ಷನ್ ಅಲ್ಲ, ಅದೇ ಹೆಸರಿನ ಪ್ಯಾಕೇಜ್. ವರ್_ಲೇಬಲ್, ವ್ಯಾಲ್_ಲೇಬಲ್ಸ್, ಕಾಪಿ_ಲೇಬಲ್ಸ್ ಎಲ್ಲಾ ಇವೆ. ಲುಕ್_ಫಾರ್ ಅನ್ನೋದು ತುಂಬಾ ಉಪಯೋಗ. "ಎಜುಕೇಷನ್" ಅಂತ ಕೊಟ್ಟರೆ ಲೇಬಲ್‌ನಲ್ಲಿ ಆ ಪದ ಇರುವ ಕಾಲಂಗಳನ್ನೆಲ್ಲ ಹುಡುಕಿ ಕೊಡುತ್ತೆ. ಸಾವಿರಾರು ಕಾಲಂ ಇರುವ ಎನ್‌ಎಫ್‌ಎಚ್‌ಎಸ್ ಫೈಲ್‌ಗೆ ಬೇರೆ ದಾರಿ ಇಲ್ಲ.

ಮೇಡಂ ಹೇಳಿದ ಕಾರಣಕ್ಕೇ ಒಂದು ಮಾತು: ಕಾಪಿ_ಲೇಬಲ್ಸ್ ವಿವರಣೆ, ಕೋಡ್‌ಪಟ್ಟಿ ಎರಡನ್ನೂ ತರುತ್ತೆ.

ಹಳೆ ಟ್ಯುಟೋರಿಯಲ್ ನೋಡಿ ಕೆಲಸ ಮಾಡೋರು ಗಮನಿಸಿ, ಎಚ್‌ಮಿಸ್ಕ್ ಪ್ಯಾಕೇಜ್‌ನಲ್ಲೂ ಲೇಬಲ್ಡ್ ಅಂತ ಒಂದು ಕ್ಲಾಸ್ ಇದೆ. ಎರಡೂ ಹೆಸರು ಡಿಕ್ಕಿ ಹೊಡೀತವೆ ಅಂತಲೇ ಹೇವನ್ 2.0ರಲ್ಲಿ ತನ್ನ ಕ್ಲಾಸ್‌ಗೆ ಹೇವನ್_ಲೇಬಲ್ಡ್ ಅಂತ ಹೆಸರು ಬದಲಿಸಿತು. ಹಳೇ ಆರ್‌ಡಿಎಸ್ ಫೈಲ್ (ಆರ್‌ನದೇ ಫೈಲ್ ಬಗೆ) ತೆರೆದಾಗ ಏನಾದರೂ ವಿಚಿತ್ರ ಕಂಡರೆ ಅಪ್‌ಡೇಟ್_ಲೇಬಲ್ಡ್ ಓಡಿಸಿ.

---

ಸ್ಟೇಟಾ_ಬಿಡಲ್ಲ

ನಗು ಬರ್ತಿದೆ. ಸ್ಟೇಟಾದಲ್ಲಿ ಕ್ಲೋನ್‌ವರ್ ಅಂದರೆ ಮುಗೀತು. ಬೆಲೆ, ಫಾರ್ಮ್ಯಾಟ್, ವಿವರಣೆ, ಕೋಡ್‌ಪಟ್ಟಿ ಎಲ್ಲಾ ಒಂದೇ ಏಟಿಗೆ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್‌ನಲ್ಲಿ ಅಪ್ಲೈ ಡಿಕ್ಷನರಿ ಇದೆ. ನಿಮ್ಮ ಆರ್‌ನಲ್ಲಿ ಇಷ್ಟಕ್ಕೆ ಇಷ್ಟು ರಾಮಾಯಣ.

---

ಹಳೇ_ಸರ್ವೆಯವಳು

ನಗಿ ನಗಿ. ಕ್ಲೋನ್‌ವರ್ ಮಾಡಿ ಆಮೇಲೆ ರಿಪ್ಲೇಸ್ ಹಾಕಿ ಕೋಡ್ ಬದಲಿಸಿದರೆ ನಿಮ್ಮಲ್ಲೂ ಇದೇ ಸುಳ್ಳು ಲೇಬಲ್. ಸ್ಟೇಟಾ ಕೂಡ ಬಾಯಿ ಬಿಡಲ್ಲ.

ಒಂದು ಮಾತ್ರ ಒಪ್ತೀನಿ. ನಿಮ್ಮ ರೀಕೋಡ್ ಕಮಾಂಡ್ ಚೆನ್ನಾಗಿದೆ. (0/1 = 1 "ಪ್ರೈಮರಿ ಅಥವಾ ಕಡಿಮೆ") ಅಂತ ಕೋಡ್, ಅದರ ಹೆಸರು ಎರಡನ್ನೂ ಒಂದೇ ಜಾಗದಲ್ಲಿ ಬರೆಯಬಹುದು, ಜನರೇಟ್ ಕೊಟ್ಟರೆ ಹೊಸ ಕಾಲಂಗೆ ಹೋಗುತ್ತೆ. ಬದಲಾವಣೆ ಮತ್ತು ಲೇಬಲ್ ಬೇರೆ ಬೇರೆ ಸಾಲಿನಲ್ಲಿ ಇದ್ದಾಗಲೇ ಒಂದು ತಿದ್ದಿ ಇನ್ನೊಂದು ಮರೆಯೋದು. ಆರ್‌ನಲ್ಲೂ ನಾನು ಎರಡನ್ನೂ ಒತ್ತಾಗಿ, ಒಂದರ ಕೆಳಗೆ ಒಂದು ಬರೆಯೋದು ಅದಕ್ಕೇ. ಲೇಬಲ್ ಎಲ್ಲಾ ಫೈಲ್‌ನ ಕೊನೆಯಲ್ಲಿ ಒಟ್ಟಿಗೆ ಹಾಕ್ತೀನಿ ಅನ್ನೋರ ಜೊತೆ ನನಗೆ ಆಗಿಬರಲ್ಲ.

---

ಸಿಲ್ಕ್‌ಬೋರ್ಡ್_ಜಾಮ್

ಫ್ಯಾಕ್ಟರ್‌ನ ಆಟ್ರಿಬ್ಯೂಟ್ ಕಾಪಿ ಮಾಡೋಕೆ ಹೋದರೆ ಎರರ್ ಬಂತು. "ಫ್ಯಾಕ್ಟರ್ ಕ್ಲಾಸ್ ಹಾಕೋಕೆ ಇದು ಸರಿಯಾದ ವಸ್ತು ಅಲ್ಲ" ಅನ್ನೋ ಅರ್ಥದ್ದು. ಯಾಕೆ?

---

ಅಘನಾಶಿನಿ_ತೀರ

ಫ್ಯಾಕ್ಟರ್ ಒಳಗೆ ಇಂಟಿಜರ್ (ಪೂರ್ಣಾಂಕ) ಇರಬೇಕು. ಇಫೆಲ್ಸ್‌ಗೆ 1, 2, 3 ಅಂತ ಕೊಟ್ಟರೆ ಬರೋದು ಡಬಲ್ (ದಶಮಾಂಶ ಇಡಬಲ್ಲ ನಂಬರ್). ಸ್ಟೋರೇಜ್.ಮೋಡ್(x) <- "ಇಂಟಿಜರ್" ಅಂತ ಮಾಡಿದರೆ ದಾರಿ ಬಿಡುತ್ತೆ, ಇರುವ ಆಟ್ರಿಬ್ಯೂಟ್‌ಗಳೂ ಉಳಿಯುತ್ತವೆ. ಆಸ್.ಇಂಟಿಜರ್ ಹಾಕಿದರೆ ಎಲ್ಲಾ ಬೋಳಾಗುತ್ತೆ. ಆದರೆ ಫ್ಯಾಕ್ಟರ್ ಬೇಕಾದರೆ ಫ್ಯಾಕ್ಟರ್() ಅಂತಲೇ ಬರೆದು ಲೆವೆಲ್ಸ್ ಕೊಡಿ. ಹೊರಗಿನಿಂದ ಆಟ್ರಿಬ್ಯೂಟ್ ತುರುಕಬೇಡಿ.

ಅಂದಹಾಗೆ, ಹಳೆಯದು ಹೊಸದಕ್ಕಿಂತ ಉದ್ದ ಇದ್ದು, ಹಳೆಯದರಲ್ಲಿ ನೇಮ್ಸ್ ಇದ್ದರೆ ಆಟ್ರಿಬ್ಯೂಟ್ಸ್ ಕಾಪಿ ಎರರ್ ಕೊಡುತ್ತೆ. ಆಗ ಮೋಸ್ಟ್‌ಆಟ್ರಿಬ್ಯೂಟ್ಸ್ ಬಳಸಬಹುದು. ನೇಮ್ಸ್, ಡಿಮ್, ಡಿಮ್‌ನೇಮ್ಸ್ ಹೊಂದಿದರೆ ಮಾತ್ರ ಹಾಕುತ್ತೆ, ಇಲ್ಲವಾದರೆ ಬಿಡುತ್ತೆ. ಅದು ಮುಖ್ಯವಾಗಿ ಅರೇಗಳಿಗೆ ಅಂತ ಮಾಡಿದ್ದು. ಕ್ಲಾಸ್ ಇರುವ ವಸ್ತುಗಳ ಮೇಲೆ ಹುಷಾರಾಗಿ ಬಳಸಿ ಅಂತ ಅದರ ಸಹಾಯ ಪುಟದಲ್ಲೇ ಹೇಳಿದ್ದಾರೆ.

ಡೇಟಾ.ಟೇಬಲ್ ಪ್ಯಾಕೇಜ್ ಬಳಸೋರಿಗೆ ಸೆಟ್‌ಆಟ್ರ್ ಇದೆ. ಅದು ಪ್ರತಿ ಮಾಡದೆ ಇದ್ದ ಜಾಗದಲ್ಲೇ ಬದಲಿಸುತ್ತೆ. ದೊಡ್ಡ ಫೈಲ್‌ಗೆ ಒಳ್ಳೆಯದು. ಆದರೆ ಅದೇ ವೆಕ್ಟರ್‌ಗೆ ಇನ್ನೊಂದು ಹೆಸರು ಇಟ್ಟಿದ್ದರೆ ಅಲ್ಲೂ ಬದಲಾಗಿರುತ್ತೆ.

---

ರಾಗಿಮುದ್ದೆ_ಡೇಟಾ

ಲೇಬಲ್_ತಾ ಕೆಲಸ ಮಾಡಿತು ಮೇಡಂ. ಈಗ ಜಿಟಿಸಮ್ಮರಿ ಪ್ಯಾಕೇಜ್‌ನ ಟೇಬಲ್‌ನಲ್ಲಿ ಸಾಲಿನ ಹೆಸರು ವಿ012 ಅಂತ ಬರೋ ಬದಲು ಲೇಬಲ್ ಬರುತ್ತಿದೆ. ವಿವರಣೆ ಎಲ್ಲಾ ಕನ್ನಡದಲ್ಲಿ ಬರೆದೆ, ನೋಡೋಕೆ ಖುಷಿ ಆಗುತ್ತೆ. ಕೊನೇ ಪ್ರಶ್ನೆ. ಗೈಡ್ ಸ್ಟೇಟಾ ಬಳಸುತ್ತಾರೆ. ಇದನ್ನು ಅವರಿಗೆ ಕಳಿಸೋದು ಹೇಗೆ? ಸಿಎಸ್‌ವಿ ಸಾಕಾ?

---

ಹಳೇ_ಸರ್ವೆಯವಳು

ಸಿಎಸ್‌ವಿ ಮಾಡಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಅದರಲ್ಲಿ ಆಟ್ರಿಬ್ಯೂಟ್ ಇಡೋಕೆ ಜಾಗವೇ ಇಲ್ಲ. ನಿಮಗೋಸ್ಕರ ಸೇವ್‌ಆರ್‌ಡಿಎಸ್, ಅವರಿಗೋಸ್ಕರ ರೈಟ್_ಡಿಟಿಎ.

ರೈಟ್_ಡಿಟಿಎ ವಿವರಣೆಯನ್ನೂ ಕೋಡ್‌ಪಟ್ಟಿಯನ್ನೂ ಬರೆಯುತ್ತೆ. ನೀವೇ ಹೊಸದಾಗಿ ಹೆಸರಿಟ್ಟು ಅಂಟಿಸಿದ ಆಟ್ರಿಬ್ಯೂಟ್ ಯಾವುದಾದರೂ ಇದ್ದರೆ ಅದು ಹೋಗಲ್ಲ. ಕಾಲಂ ಹೆಸರಿನಲ್ಲಿ ಚುಕ್ಕೆ ಇದ್ದರೆ ಸ್ಟೇಟಾ ಒಪ್ಪಲ್ಲ, ಅಂಡರ್‌ಸ್ಕೋರ್ ಹಾಕಿ. ಹೆಸರು 32 ಅಕ್ಷರ ಮೀರಬಾರದು. ವಿವರಣೆ 80 ಅಕ್ಷರದ ಒಳಗೆ ಇರಲಿ. ಕನ್ನಡದಲ್ಲಿ ಬರೆಯುವಾಗ ಒತ್ತು, ಕೊಂಬು, ದೀರ್ಘ ಎಲ್ಲಾ ಬೇರೆ ಬೇರೆ ಎಣಿಕೆ ಆಗುತ್ತವೆ, ಅಂದುಕೊಂಡದ್ದಕ್ಕಿಂತ ಬೇಗ 80 ಮುಟ್ಟುತ್ತೆ. ಕೋಡ್‌ಪಟ್ಟಿ ಪೂರ್ಣಾಂಕಗಳಿಗೆ ಮಾತ್ರ, ಹಾಗಾಗಿ ಬಿಎಂಐ 100ರಿಂದ ಭಾಗಿಸುವ ಮುಂಚೆ ಆಸ್.ನ್ಯೂಮರಿಕ್ ಹಾಕಿ ಅದರ 9998ರ ಪಟ್ಟಿ ತೆಗೆದುಬಿಡಿ, ವಿವರಣೆ ಹೊಸದಾಗಿ ಬರೆಯಿರಿ.

ಗೈಡ್ ಹತ್ತಿರ ಇರುವ ಸ್ಟೇಟಾ ಯಾವ ವರ್ಷನ್ ಅಂತ ಕೇಳಿ. ಯುನಿಕೋಡ್ ಬಂದಿದ್ದು 14ರಿಂದ. 13 ಅಥವಾ ಅದಕ್ಕಿಂತ ಹಳೆಯದಾದರೆ ನಿಮ್ಮ ಕನ್ನಡ ಲೇಬಲ್ ಅಲ್ಲಿ ಕಾಣಲ್ಲ, ಇಂಗ್ಲಿಷ್‌ನಲ್ಲಿ ಇನ್ನೊಂದು ಪ್ರತಿ ಮಾಡಬೇಕಾಗುತ್ತೆ.

ಕಳಿಸುವ ಮುಂಚೆ ಬರೆದ ಫೈಲ್ ಅನ್ನು ನೀವೇ ರೀಡ್_ಡಿಟಿಎ ಹಾಕಿ ಓದಿ, ಶಿಕ್ಷಣ3 ಮತ್ತು ತೂಕ ಎರಡರ ಲೇಬಲ್ ಮಾತ್ರ ನೋಡಿ. ಅವೆರಡು ಸರಿ ಇದ್ದರೆ ಕಳಿಸಿ.